ಒಂದೇ ಮಿಡಿ ಇನ್ ಇರೋ ಎಕ್ಸ್‌ಪಿ-60ಗೆ ಪ್ಯಾಡ್, ಯುಎಸ್‌ಬಿ ಕೀಬೋರ್ಡ್, ಲ್ಯಾಪ್‌ಟಾಪ್ ಮೂರೂ ಸೇರಿಸ್ಬೇಕು, ಕಡಿಮೆ ಖರ್ಚಲ್ಲಿ ಏನ್ ತಗೊಳ್ಳಿ?

ಹಾಸನ_ಕೀಸ್
ಎಲ್ರಿಗೂ ನಮಸ್ಕಾರ. ನಮ್ದು ಹಾಸನ ಸುತ್ತಮುತ್ತ ಓಡಾಡೋ ಚಿಕ್ಕ ಆರ್ಕೆಸ್ಟ್ರಾ, ಗಣೇಶನ ಪೆಂಡಾಲು, ರಾಜ್ಯೋತ್ಸವ, ಜಾತ್ರೆ, ಮದುವೆ ರಿಸೆಪ್ಷನ್ ಎಲ್ಲಾ ಮಾಡ್ತೀವಿ. ಇರೋ ಸಾಮಾನು ಇಷ್ಟು: ಸೆಕೆಂಡ್ ಹ್ಯಾಂಡ್ ರೋಲ್ಯಾಂಡ್ ಎಕ್ಸ್‌ಪಿ-60 ಕೀಬೋರ್ಡ್, ಯಮಾಹಾ ಪಿಎಸ್‌ಆರ್-ಐ500 ಕೀಬೋರ್ಡ್, ನಮ್ ಪ್ಯಾಡ್ ಹುಡುಗನ ಎಸ್‌ಪಿಡಿ-20 ಎಲೆಕ್ಟ್ರಾನಿಕ್ ರಿದಂ ಪ್ಯಾಡ್, ಒಂದು ವಿಂಡೋಸ್ ಲ್ಯಾಪ್‌ಟಾಪ್.

ಪ್ಯಾಡ್ ಹೊಡೆದ್ರೆ ಎಕ್ಸ್‌ಪಿ ಒಳಗಿರೋ ರಿದಂ ಸೌಂಡ್ ಬರ್ಬೇಕು, ಯಮಾಹಾ ಕೀಲಿ ಒತ್ತಿದ್ರೆ ಎಕ್ಸ್‌ಪಿಯ ಸ್ಟ್ರಿಂಗ್ಸ್ ಬರ್ಬೇಕು, ಲ್ಯಾಪ್‌ಟಾಪಿಂದ ಸೀಕ್ವೆನ್ಸೂ (ಮೊದ್ಲೇ ಬರೆದಿಟ್ಟ ನೋಟುಗಳು) ಅದೇ ಎಕ್ಸ್‌ಪಿಗೆ ಹೋಗ್ಬೇಕು. ಆದ್ರೆ ಎಕ್ಸ್‌ಪಿಗೆ ಇರೋದು ಒಂದೇ ಮಿಡಿ ಇನ್ (ಬೇರೆ ವಾದ್ಯ ಕಳಿಸೋ ನೋಟಿನ ಮೆಸೇಜ್ ಒಳಗೆ ಬರೋ ಐದು ಪಿನ್ನಿನ ಸಾಕೆಟ್), ಯಮಾಹಾದಲ್ಲಿ ಐದು ಪಿನ್ನಿನ ಸಾಕೆಟ್ಟೇ ಇಲ್ಲ, ಹಿಂದ್ಗಡೆ ಪ್ರಿಂಟರ್ ಕೇಬಲ್ ಹಾಕೋ ಯುಎಸ್‌ಬಿ ಟು ಹೋಸ್ಟ್ ಒಂದೇ. ಅಂಗಡಿಯಲ್ಲಿ ಕೇಳಿದ್ರೆ ನಾಲ್ಕು ಇನ್ ನಾಲ್ಕು ಔಟ್ ಇರೋ ದೊಡ್ಡ ಇಂಟರ್‌ಫೇಸ್ (ಮಿಡಿನ ಕಂಪ್ಯೂಟರಿಗೆ ಸೇರಿಸೋ ಡಬ್ಬಿ) ತಗೊಳ್ಳಿ ಅಂತಾರೆ, ಅದು ನಮ್ ಕೈಗೆಟುಕಲ್ಲ. 5-6 ಸಾವಿರದ ಒಳಗೆ ಆಗ್ಬೇಕು. ಆನ್‌ಲೈನಲ್ಲಿ ವೈ ಕೇಬಲ್ ಸಿಗತ್ತೆ, ಪ್ಯಾಡ್ ಒಂದು ಕಾಲು, ಲ್ಯಾಪ್‌ಟಾಪ್ ಒಂದು ಕಾಲು ಅಂತ ಹಾಕಿದ್ರೆ ಆಗಲ್ವಾ? ತಿಳಿದೋರು ದಯವಿಟ್ಟು ಹೇಳಿ, ಹಬ್ಬದ ಸೀಸನ್ ಹತ್ರ ಬಂತು.

ಕರಾವಳಿ_ಸಿಂತ್
ವೈ ಕೇಬಲ್ ಮಾತ್ರ ಬೇಡ ಮಾರಾಯ್ರೆ, ಆ ದುಡ್ಡು ಹೋದ ಹಾಗೆಯೇ. ಮಿಡಿ ಅಂದ್ರೆ ಆಡಿಯೋ ಅಲ್ಲ, ಸೆಕೆಂಡಿಗೆ 31,250 ಬಿಟ್ ಸಾಲಾಗಿ ಹೋಗುವ ಸೀರಿಯಲ್ ಡೇಟಾ. ಒಂದು ನೋಟ್ ಆನ್ ಅಂದ್ರೆ ಮೂರು ಬೈಟ್, ಯಾವ ಚಾನೆಲ್ಲು, ಯಾವ ಸ್ವರ, ಎಷ್ಟು ಜೋರು. ಪ್ಯಾಡಿಂದ ಈ ಮೂರು ಬೈಟ್ ಹೋಗ್ತಾ ಇರುವಾಗ ನಡುವೆ ಲ್ಯಾಪ್‌ಟಾಪ್ ತನ್ನ ಬೈಟ್ ತುರುಕಿದ್ರೆ ಒಂದೇ ಮೈಕಿನಲ್ಲಿ ಇಬ್ಬರು ಒಟ್ಟಿಗೆ ಮಾತಾಡಿದ ಹಾಗೆ, ಎಕ್ಸ್‌ಪಿಗೆ ಎಂತದೂ ಅರ್ಥ ಆಗುವುದಿಲ್ಲ. ನೋಟ್ ಸಿಕ್ಕಿಕೊಂಡು ಕೂಗ್ತಾ ಇರ್ತದೆ. ಎರಡನ್ನು ಒಂದು ಮಾಡಬೇಕಾದ್ರೆ ಮಧ್ಯದಲ್ಲಿ ಒಂದು ಚಿಪ್ ಕೂತು ಒಬ್ಬರ ಮೆಸೇಜ್ ಪೂರ್ತಿ ಮುಗಿಯುವ ತನಕ ಇನ್ನೊಬ್ಬರದನ್ನು ಹಿಡಿದಿಟ್ಟು ಆಮೇಲೆ ಬಿಡಬೇಕು. ಅದಕ್ಕೇ ಮರ್ಜ್ ಅನ್ನುವುದು, ಅದಕ್ಕೇ ಮರ್ಜ್ ಬಾಕ್ಸಿಗೆ ರೇಟು.

ಈಗ ನಿಮ್ಮ ಕೇಸು. ನಿಮಗೆ ಮರ್ಜ್ ಬಾಕ್ಸೂ ಬೇಡ, ನಾಲ್ಕು ಇನ್ನಿನ ಇಂಟರ್‌ಫೇಸೂ ಬೇಡ, ಯಾಕಂದ್ರೆ ಮರ್ಜ್ ಮಾಡುವ ಯಂತ್ರ ಆಗಲೇ ನಿಮ್ಮ ಹತ್ರ ಉಂಟು, ಲ್ಯಾಪ್‌ಟಾಪ್. ಒಂದು ಇನ್ ಒಂದು ಔಟ್ ಇರುವ ಸಾದಾ ಯುಎಸ್‌ಬಿ ಮಿಡಿ ಇಂಟರ್‌ಫೇಸ್ ತಗೊಳ್ಳಿ. ಪ್ಯಾಡಿನ ಔಟ್ ಇಂಟರ್‌ಫೇಸಿನ ಇನ್‌ಗೆ. ಇಂಟರ್‌ಫೇಸಿನ ಔಟ್ ಎಕ್ಸ್‌ಪಿಯ ಇನ್‌ಗೆ. ಯಮಾಹಾ ಸೀದಾ ಪ್ರಿಂಟರ್ ಕೇಬಲಲ್ಲಿ ಲ್ಯಾಪ್‌ಟಾಪಿಗೆ. ಮುಗೀತು, ಒಳಗೆ ಸಾಫ್ಟ್‌ವೇರಿನಲ್ಲಿ ಮೂರನ್ನೂ ಸೇರಿಸಿ ಒಂದೇ ಔಟಿಗೆ ಕಳಿಸಿ.

ಹಾಸನ_ಕೀಸ್
ಸಾರ್ ಇಷ್ಟು ಸುಲಭನಾ! ಹಾಗಾದ್ರೆ ಆ 500-600 ರೂಪಾಯಿಗೆ ಸಿಗೋ ಯುಎಸ್‌ಬಿ ಮಿಡಿ ಕೇಬಲ್ ಸಾಕಾ? ಮಧ್ಯ ಒಂದು ಕಪ್ಪು ಡಬ್ಬಿ, ಮೂರು ಲೈಟು, ಎರಡು ಕಡೆ ಐದು ಪಿನ್, ನೋಡಕ್ಕೆ ಎಲ್ಲಾ ಒಂದೇ ಥರ ಇವೆ.

ಸೋಲ್ಡರ್_ಎಸ್ಪಿರೋಡ್
ಇಲ್ಲಿ ಸ್ವಲ್ಪ ಹುಷಾರಾಗಿರಿ ಬ್ರೋ. ಈ ಥರ ಡಬ್ಬಿಗಳನ್ನ ಬಿಚ್ಚಿ ನೋಡಿದೀನಿ. ಮಿಡಿ ಸ್ಪೆಸಿಫಿಕೇಷನ್ ಪ್ರಕಾರ ಪ್ರತಿ ಇನ್‌ನಲ್ಲೂ ಆಪ್ಟೋಕಪ್ಲರ್ ಇರ್ಲೇಬೇಕು, ಅಂದ್ರೆ ಕಳಿಸೋ ಕಡೆ ಕರೆಂಟು ಒಂದು ಪುಟ್ಟ ಎಲ್‌ಇಡಿ ಹಚ್ಚತ್ತೆ, ತಗೊಳ್ಳೋ ಕಡೆ ಆ ಬೆಳಕನ್ನ ನೋಡಿ ಓದ್ಕೊಳತ್ತೆ, ಎರಡು ಸಾಮಾನಿನ ಮಧ್ಯೆ ತಂತಿ ಸಂಬಂಧನೇ ಇರಲ್ಲ. ಸುಮಾರು 5 ಮಿಲಿಆಂಪ್ ಕರೆಂಟ್ ಲೂಪ್ ಅದು. ತೀರಾ ಅಗ್ಗದ ಕೇಬಲ್‌ಗಳು ಎಷ್ಟೋ ಇವೆ, ಆಪ್ಟೋ ಇಲ್ದೆ ಒಂದೆರಡು ರೆಸಿಸ್ಟರ್ ಹಾಕಿ ಸೀದಾ ಚಿಪ್‌ಗೆ ಕೊಟ್ಟಿರ್ತಾರೆ. ಮನೇಲಿ ಒಂದೊಂದೇ ಬೆರಳಲ್ಲಿ ನುಡಿಸಿ ಟೆಸ್ಟ್ ಮಾಡಿದ್ರೆ ನಡೆಯತ್ತೆ, ಪಿಚ್ ಬೆಂಡ್, ಮಾಡ್ಯುಲೇಷನ್, ಸಸ್ಟೇನ್, ಪ್ಯಾಡ್ ರೋಲ್ ಎಲ್ಲಾ ಒಟ್ಟಿಗೆ ಬಂದಾಗ ಬೈಟ್ ಬೀಳ್ಸತ್ತೆ. ಬಿದ್ದಿದ್ದು ನೋಟ್ ಆಫ್ ಆಗಿದ್ರೆ ಸ್ವರ ನಿಲ್ಲಲ್ಲ.

ಹಾಗಂತ ಎಲ್ಲಾ ಅಗ್ಗದ್ದೂ ಕೆಟ್ಟದ್ದು ಅಂತ ಅಲ್ಲ. ಡಬ್ಬಿ ಬಿಚ್ಚಕ್ಕೆ ಆದ್ರೆ ಬಿಚ್ಚಿ, ಒಳಗೆ ಆರೋ ಎಂಟೋ ಕಾಲಿನ ಪುಟ್ಟ ಐಸಿ ಇದ್ದು ಅದರ ಮೇಲೆ 6ಎನ್138, ಪಿಸಿ900, ಎಚ್11ಎಲ್1 ಇಂಥದ್ದೇನಾದ್ರೂ ಬರೆದಿದ್ರೆ ಅದೇ ಆಪ್ಟೋ. ಬಿಚ್ಚಕ್ಕೆ ಆಗ್ಲಿಲ್ಲ ಅಂದ್ರೆ ಇನ್ನೊಂದು ಟೆಸ್ಟ್: ಮಿಡಿ-ಆಕ್ಸ್ ಅನ್ನೋ ಫ್ರೀ ಸಾಫ್ಟ್‌ವೇರ್ ಹಾಕಿ, ಎಕ್ಸ್‌ಪಿಯಿಂದ ಬಲ್ಕ್ ಡಂಪ್ (ಅದರೊಳಗಿನ ಸೆಟ್ಟಿಂಗ್‌ಗಳ ಕಾಪಿ) ಕಳಿಸಿ, ಲ್ಯಾಪ್‌ಟಾಪಲ್ಲಿ ಸೇವ್ ಮಾಡಿ, ಅದನ್ನೇ ವಾಪಸ್ ಎಕ್ಸ್‌ಪಿಗೆ ಕಳಿಸಿ. ಆ ಡಂಪ್ ಹೋಗೋದು ರೋಲ್ಯಾಂಡ್ ಸಿಸ್ಟಂ ಎಕ್ಸ್‌ಕ್ಲೂಸಿವ್ ಡೇಟಾ ಆಗಿ, ಅದರ ಪ್ರತಿ ಪ್ಯಾಕೆಟ್ ಕೊನೇಲಿ ಚೆಕ್‌ಸಮ್ (ಲೆಕ್ಕ ತಾಳೆ ನೋಡೋ ನಂಬರ್) ಇರತ್ತೆ, ದಾರೀಲಿ ಒಂದು ಬೈಟ್ ಕಳೆದ್ರೂ ಕೀಬೋರ್ಡ್ ಒಪ್ಕೊಳಲ್ಲ. ಈ ಟೆಸ್ಟ್ ಪಾಸಾದ ಕೇಬಲ್‌ನ ಧೈರ್ಯವಾಗಿ ಸ್ಟೇಜಿಗೆ ತಗೊಂಡೋಗಿ, ಬ್ರ್ಯಾಂಡ್ ಯಾವ್ದಾದ್ರೂ ಸರಿ.

ನನ್ನ ಅಭಿಪ್ರಾಯ ಕೇಳಿದ್ರೆ ದುಡ್ಡು ಹಾಕೋದೇ ಇಲ್ಲಿ. ಐದು ಪಿನ್ ಕೇಬಲ್, ಪ್ರಿಂಟರ್ ಕೇಬಲ್, ಕೇಬಲ್ ಜೋಡಿಸೋ ಕಪ್ಲರ್ ಇದ್ರಲ್ಲೆಲ್ಲ ಎಷ್ಟಾದ್ರೂ ಉಳಿಸಿ, ಚಿಪ್ ಇರೋ ಜಾಗದಲ್ಲಿ ಉಳಿಸ್ಬೇಡಿ. ರೋಲ್ಯಾಂಡ್ ಯುಎಂ-ಒನ್ ಸೆಕೆಂಡ್ ಹ್ಯಾಂಡ್ ಸಿಕ್ಕಿದ್ರೆ ಕಣ್ಮುಚ್ಚಿ ತಗೊಳ್ಳಿ. ಎಂಕೆ2 ಮಾಡೆಲ್ ಪಕ್ಕದಲ್ಲಿ ಒಂದು ಚಿಕ್ಕ ಸ್ವಿಚ್ ಇರತ್ತೆ, ಕಂಪ್ಯೂಟರ್ ಕಡೆ ಇದ್ರೆ ಡ್ರೈವರ್ ಹಾಕ್ಬೇಕು, ಟ್ಯಾಬ್ ಕಡೆ ತಳ್ಳಿದ್ರೆ ಐಪ್ಯಾಡು, ಲಿನಕ್ಸ್ ಎಲ್ಲಾ ಡ್ರೈವರ್ ಇಲ್ದೆ ಹಿಡ್ಕೊಳತ್ತೆ. ಹಳೇ ಎಂ-ಆಡಿಯೋ ಮಿಡಿಸ್ಪೋರ್ಟ್ 2x2 ಕೂಡ ಗಟ್ಟಿ ಸಾಮಾನು, ತಗೊಳ್ಳೋ ಮುಂಚೆ ನಿಮ್ಮ ವಿಂಡೋಸ್‌ಗೆ ಡ್ರೈವರ್ ಸಿಗತ್ತಾ ನೋಡ್ಕೊಳ್ಳಿ.

ಹುಬ್ಬಳ್ಳಿ_ಪ್ಯಾಡ್
ನಮಸ್ಕಾರ್ರಿ ಎಲ್ಲಾರಿಗೂ. ನಾನೂ ಎಸ್‌ಪಿಡಿ-20 ಬಾರಿಸಾಂವ, ಅದರ ಬಗ್ಗೆ ಎರಡು ಮಾತು ಹೇಳ್ತೀನಿ. ಒಂದೊಂದು ಪ್ಯಾಡಿಗೂ ಬ್ಯಾರೆ ಬ್ಯಾರೆ ಮಿಡಿ ಚಾನೆಲ್, ಬ್ಯಾರೆ ನೋಟ್ ನಂಬರ್ ಕೊಡಾಕ ಬರತೈತಿ. ಎಕ್ಸ್‌ಪಿ ಪರ್ಫಾರ್ಮೆನ್ಸ್ ಮೋಡಿನಾಗ 16 ಪಾರ್ಟ್ ಅದಾವ, ಅದರಾಗ ರಿದಂ ಇರೋದು 10ನೇ ಪಾರ್ಟು. ಅದಕ್ಕ ಪ್ಯಾಡ್ ಎಲ್ಲಾ 10ನೇ ಚಾನೆಲ್‌ಗೆ ಇಡ್ರಿ, ಎಕ್ಸ್‌ಪಿ ರಿದಂ ಸೆಟ್‌ನಾಗ ಯಾವ ಕೀಲಿ ಮ್ಯಾಲ ಯಾವ ಸೌಂಡ್ ಐತಿ ಅಂತ ನೋಡ್ಕೊಂಡು ಆ ನಂಬರ್ ಪ್ಯಾಡಿಗೆ ಬರೀರಿ. ಒಂದು ಹಾಳ್ಯಾಗ ಎಂಟೂ ಪ್ಯಾಡಿನ ಚಿತ್ರ ತಗದು ನಂಬರ್ ಬರದು ಕೇಸಿನೊಳಗ ಅಂಟಿಸಿ ಬಿಡ್ರಿ, ಸ್ಟೇಜ್ ಮ್ಯಾಲ ಭಾಳ ಉಪಯೋಗ ಆಗತೈತಿ.

ಇನ್ನೊಂದು, ಗೇಟ್ ಟೈಮ್. ಪ್ಯಾಡಿಗೆ ಕೀಲಿಯಂಗ ಒತ್ತಿ ಹಿಡಿಯೋದು ಇಲ್ಲಲ್ರಿ, ಹೊಡದ ಕೂಡ್ಲೆ ನೋಟ್ ಆನ್ ಹೋಗತೈತಿ, ಗೇಟ್ ಟೈಮ್ ಮುಗದ ಮ್ಯಾಲ ನೋಟ್ ಆಫ್ ಹೋಗತೈತಿ. ಡೋಲಕ್, ತಬಲಾ ಹೊಡತಕ್ಕ ಸಣ್ಣದಿದ್ರ ನಡೀತೈತಿ, ಆದ್ರ ಪ್ಯಾಡಿನಿಂದ ಎಕ್ಸ್‌ಪಿಯ ಸ್ಟ್ರಿಂಗ್ಸ್ ಹಿಟ್, ಕೋರಸ್ ಏನರೆ ಬಾರಿಸಬೇಕಂದ್ರ ಗೇಟ್ ಹೆಚ್ಚು ಮಾಡ್ರಿ, ಇಲ್ಲಂದ್ರ ಟಕ್ ಅಂತ ಕಟ್ ಆಗತೈತಿ. ಭಾಳ ಮಂದಿ ಅದನ್ನ ಕೇಬಲ್ ಪ್ರಾಬ್ಲಮ್ ಅಂತ ತಿಳ್ಕೊಂಡು ಕೇಬಲ್ ಬದಲಿ ಮಾಡ್ತಾರ.

ಮತ್ತ ಲ್ಯಾಪ್‌ಟಾಪ್ ನಡುವ ಇಟ್ಟೀರಂದ್ರ ಒಂದು ಬಿಡಿ ಮಿಡಿ ಕೇಬಲ್ ಪ್ಯಾಡಿನ ಹತ್ರಾನ ಇಟ್ಕೋರಿ. ಲ್ಯಾಪ್‌ಟಾಪ್ ಹ್ಯಾಂಗ್ ಆತಂದ್ರ ಪ್ಯಾಡ್ ಔಟಿಂದ ಸೀದಾ ಎಕ್ಸ್‌ಪಿ ಇನ್‌ಗೆ ಹಾಕಿದ್ರ ಹಾಡು ನಿಲ್ಲಂಗಿಲ್ಲ.

ಕರಾವಳಿ_ಸಿಂತ್
ಹುಬ್ಬಳ್ಳಿಯವರು ಹೇಳಿದ ಬಿಡಿ ಕೇಬಲ್ ಮಾತು ಚಿನ್ನದಂಥದ್ದು.

ಸಾಫ್ಟ್‌ವೇರ್ ಬಗ್ಗೆ ಹೇಳ್ತೇನೆ. ವಿಂಡೋಸಿನಲ್ಲಿ ಒಂದು ಸಾಫ್ಟ್‌ವೇರ್ ಒಂದು ಮಿಡಿ ಪೋರ್ಟನ್ನು ಹಿಡ್ಕೊಂಡ್ರೆ ಸಾಮಾನ್ಯವಾಗಿ ಇನ್ನೊಂದು ಸಾಫ್ಟ್‌ವೇರಿಗೆ ಅದು ಸಿಗುವುದಿಲ್ಲ, ಎಷ್ಟೋ ಡ್ರೈವರ್‌ಗಳು ಹಾಗೇ ಇರ್ತವೆ. ಹಾಗಾಗಿ ಇಂಟರ್‌ಫೇಸನ್ನು ಮಿಡಿ-ಆಕ್ಸ್ ಕೈಗೆ ಕೊಡಿ. ಲೂಪ್‌ಮಿಡಿ ಅಂತ ಇನ್ನೊಂದು ಫ್ರೀ ಸಾಫ್ಟ್‌ವೇರ್ ಉಂಟು, ಅದು ಲ್ಯಾಪ್‌ಟಾಪಿನ ಒಳಗೇ ಒಂದು ಸುಳ್ಳು ಮಿಡಿ ಪೋರ್ಟ್ ಮಾಡಿ ಕೊಡ್ತದೆ. ನಿಮ್ಮ ಸೀಕ್ವೆನ್ಸರ್ ಆ ಪೋರ್ಟಿಗೆ ಕಳಿಸ್ಲಿ, ಮಿಡಿ-ಆಕ್ಸ್ ಆ ಪೋರ್ಟಿಂದಲೂ ಯಮಾಹಾದಿಂದಲೂ ಪ್ಯಾಡಿಂದಲೂ ತಗೊಂಡು ಒಟ್ಟು ಮಾಡಿ ಇಂಟರ್‌ಫೇಸಿನ ಔಟಿಗೆ ಬಿಡ್ತದೆ. ಮ್ಯಾಕ್ ಆದ್ರೆ ಆಡಿಯೋ ಮಿಡಿ ಸೆಟಪ್ಪಿನಲ್ಲಿ ಐಎಸಿ ಡ್ರೈವರ್ ಆನ್ ಮಾಡಿದ್ರೆ ಈ ಸುಳ್ಳು ಪೋರ್ಟ್ ಸಿಗ್ತದೆ.

ಯಮಾಹಾ ಕಡೆಯಿಂದ ಒಂದು ತೊಂದರೆ ಬರ್ಬಹುದು. ಸ್ಟೈಲ್ (ಕೀಬೋರ್ಡ್ ತಾನೇ ನುಡಿಸುವ ಪಕ್ಕವಾದ್ಯ) ಹಾಕಿ ನುಡಿಸಿದ್ರೆ ಆ ಸ್ಟೈಲಿನ ಬೇಸು, ಡ್ರಮ್ಮು, ಗಿಟಾರಿನ ನೋಟುಗಳೂ ಯುಎಸ್‌ಬಿಯಿಂದ ಹೊರಗೆ ಬರ್ತವೆ, ಅದೆಲ್ಲ ಎಕ್ಸ್‌ಪಿಗೆ ಹೋಗಿ ಇನ್ನೊಂದು ಬ್ಯಾಂಡು ಶುರುವಾಗ್ತದೆ. ಫಂಕ್ಷನ್ ಮೆನುವಿನ ಮಿಡಿ ಭಾಗಕ್ಕೆ ಹೋಗಿ ಸ್ಟೈಲ್ ಔಟ್, ಸಾಂಗ್ ಔಟ್ ಆಫ್ ಮಾಡಿ, ಕೀಬೋರ್ಡ್ ಔಟ್ ಒಂದೇ ಇಟ್ಟುಕೊಳ್ಳಿ. ಇಲ್ಲಾಂದ್ರೆ ಮಿಡಿ-ಆಕ್ಸಿನಲ್ಲೇ ಯಮಾಹಾದಿಂದ ಒಂದನೇ ಚಾನೆಲ್ ಮಾತ್ರ ಬಿಟ್ಟು ಉಳಿದದ್ದನ್ನು ಫಿಲ್ಟರ್ ಮಾಡಿ.

ಹಾಸನ_ಕೀಸ್
ಇಷ್ಟು ವಿವರವಾಗಿ ಯಾರೂ ಹೇಳಿರ್ಲಿಲ್ಲ, ತುಂಬಾ ಥ್ಯಾಂಕ್ಸ್. ಇನ್ನೊಂದು ಡೌಟು, ನಮ್ ಟೀಮಿಗೆ ಇನ್ನೊಬ್ರು ಹಳೇ ಸೌಂಡ್ ಮಾಡ್ಯೂಲ್ ತರ್ತಾರೆ, ಅದಕ್ಕೂ ಇದೇ ಸೀಕ್ವೆನ್ಸ್ ಹೋಗ್ಬೇಕು. ಎಕ್ಸ್‌ಪಿಯ ಥ್ರೂ ಇಂದ ಕೊಟ್ರೆ ಆಗತ್ತಲ್ವಾ?

ಸೋಲ್ಡರ್_ಎಸ್ಪಿರೋಡ್
ಆಗತ್ತೆ, ಒಂದು ಮಾಡ್ಯೂಲಿಗೆ ಏನೂ ತೊಂದ್ರೆ ಇಲ್ಲ. ಔಟ್‌ಗೂ ಥ್ರೂಗೂ ವ್ಯತ್ಯಾಸ ಗೊತ್ತಿರ್ಲಿ: ಔಟ್ ಅಂದ್ರೆ ಆ ಕೀಬೋರ್ಡಲ್ಲಿ ನೀವು ನುಡಿಸಿದ್ದು, ಥ್ರೂ ಅಂದ್ರೆ ಅದರ ಇನ್‌ಗೆ ಬಂದಿದ್ದರ ಕಾಪಿ. ಥ್ರೂಯಿಂದ ಥ್ರೂಗೆ ಸರಪಳಿ ಹಾಕ್ತಾ ಹೋದ್ರೆ ಪ್ರತಿ ಆಪ್ಟೋದಲ್ಲೂ ಸಿಗ್ನಲ್ಲಿನ ಏರು ಇಳುವು ಸ್ವಲ್ಪ ಸ್ವಲ್ಪ ಕೆಡತ್ತೆ, ಮೂರು ನಾಲ್ಕು ಸಾಮಾನು ದಾಟಿದ ಮೇಲೆ ಬಿಟ್ ತಪ್ಪಾಗಿ ಓದೋ ಚಾನ್ಸ್ ಜಾಸ್ತಿ. ಅಷ್ಟು ಸಾಮಾನಿದ್ರೆ ಥ್ರೂ ಬಾಕ್ಸ್ ಬೇಕು, ಒಂದು ಇನ್‌ನ ನಾಲ್ಕೈದು ಕಡೆ ಸಮವಾಗಿ ಹಂಚೋದು.

ಥ್ರೂ ಬಾಕ್ಸ್ ಮಾತ್ರ ದಯವಿಟ್ಟು ಕೊಂಡ್ಕೋಬೇಡಿ, ಮಾಡ್ಕೊಳ್ಳಿ! ಮಿಡಿ ಪ್ರಪಂಚದಲ್ಲಿ ಅತಿ ಕಡಿಮೆ ದುಡ್ಡಲ್ಲಿ ಅತಿ ಹೆಚ್ಚು ಉಪಯೋಗ ಆಗೋ ಪ್ರಾಜೆಕ್ಟ್ ಇದು, ಪ್ರೋಗ್ರಾಮಿಂಗ್ ಇಲ್ಲ, ಏನಿಲ್ಲ. ಬೆಂಗಳೂರಿನ ಎಸ್‌ಪಿ ರೋಡಲ್ಲಿ ಎಲ್ಲಾ ಪಾರ್ಟೂ ಸಿಗತ್ತೆ. ಒಂದು 6ಎನ್138, ಒಂದು 74ಎಚ್‌ಸಿ14, ಒಂದು 1ಎನ್4148 ಡಯೋಡ್, ಒಂದಿಷ್ಟು 220 ಓಮ್ ರೆಸಿಸ್ಟರು, 470 ಓಮ್ ಒಂದು, 10 ಕೆ ಒಂದು, ಐದು ಪಿನ್ನಿನ 180 ಡಿಗ್ರಿ ಸಾಕೆಟ್ ಆರು, ಒಂದು ಪ್ಲಾಸ್ಟಿಕ್ ಡಬ್ಬಿ, ಪವರ್‌ಗೆ ಮೊಬೈಲ್ ಚಾರ್ಜರ್ರಿನ 5 ವೋಲ್ಟ್.

ಹೇಗಂದ್ರೆ, ಇನ್ ಸಾಕೆಟ್ಟಿನ 4ನೇ ಪಿನ್ನಿಂದ 220 ಓಮ್ ದಾಟಿ ಆಪ್ಟೋದ 2ನೇ ಕಾಲು, ಸಾಕೆಟ್ಟಿನ 5ನೇ ಪಿನ್ ಆಪ್ಟೋದ 3ನೇ ಕಾಲು, ಡಯೋಡ್‌ನ ಅವೆರಡರ ಮಧ್ಯ ಉಲ್ಟಾ ಹಾಕಿ, ಯಾರಾದ್ರೂ ತಿರುಗಾಮುರುಗಾ ಕೇಬಲ್ ಚುಚ್ಚಿದ್ರೂ ಆಪ್ಟೋ ಸುಡಲ್ಲ. ಆಪ್ಟೋದ 8 ಪ್ಲಸ್ಸು, 5 ಗ್ರೌಂಡು, 6 ಔಟ್‌ಪುಟ್, ಅದಕ್ಕೆ 5 ವೋಲ್ಟಿಗೆ 470 ಓಮ್ ಪುಲ್‌ಅಪ್, 7ನೇ ಕಾಲಿಂದ ಗ್ರೌಂಡಿಗೆ 10 ಕೆ ಹಾಕಿದ್ರೆ ಬೇಗ ಆಫ್ ಆಗತ್ತೆ. 74ಎಚ್‌ಸಿ14 ಒಳಗೆ ಆರು ಇನ್ವರ್ಟರ್ ಇವೆ, ಮೊದಲನೇದು ಸಿಗ್ನಲ್‌ನ ತಿರುಗಿಸತ್ತೆ, ಅದರ ಔಟ್‌ಪುಟ್ಟಿಂದ ಉಳಿದ ಐದಕ್ಕೂ ಕೊಟ್ರೆ ಮತ್ತೆ ನೇರ ಆಗತ್ತೆ, ಐದು ಇನ್ವರ್ಟರ್ ಐದು ಥ್ರೂ, ಒಂದು ಗೇಟೂ ವೇಸ್ಟ್ ಇಲ್ಲ. ಪ್ರತಿ ಥ್ರೂ ಸಾಕೆಟ್ಟಿಗೆ 4ನೇ ಪಿನ್‌ಗೆ 220 ಓಮ್ ಮೂಲಕ 5 ವೋಲ್ಟು, 5ನೇ ಪಿನ್‌ಗೆ 220 ಓಮ್ ಮೂಲಕ ಇನ್ವರ್ಟರು, 2ನೇ ಪಿನ್ ಗ್ರೌಂಡು. ಇನ್ ಸಾಕೆಟ್ಟಿನ 2ನೇ ಪಿನ್ ಮಾತ್ರ ಖಾಲಿ ಬಿಡಿ, ಅದನ್ನ ಗ್ರೌಂಡಿಗೆ ಸೇರಿಸಿದ್ರೆ ಆಪ್ಟೋ ಹಾಕಿದ್ದೇ ದಂಡ.

ಪಿನ್ ನಂಬರ್ ವರಸೆ 1-2-3-4-5 ಅಂತ ಇರಲ್ಲ, 1-4-2-5-3 ಅಂತ ಇರತ್ತೆ. ನಡುವಿಂದು 2, ಅದರ ಅಕ್ಕಪಕ್ಕ 4, 5. ಸಾಕೆಟ್ಟನ್ನ ಮುಂದಿಂದ ನೋಡೋದು ಬೇರೆ, ಸೋಲ್ಡರ್ ಮಾಡೋ ಹಿಂದಿಂದ ನೋಡೋದು ಬೇರೆ, ಎಡ ಬಲ ಅದಲುಬದಲು. ಮಲ್ಟಿಮೀಟರಲ್ಲಿ ಬೀಪ್ ಹಾಕಿ ನೋಡಿ ಆಮೇಲೆ ಸೋಲ್ಡರ್ ಹಚ್ಚಿ.

ಪೈ_ಪ್ರಯೋಗ
ಲ್ಯಾಪ್‌ಟಾಪನ್ನ ಸ್ಟೇಜಿಗೆ ಒಯ್ಯೋದೇ ಭಯ ಅನ್ನೋರಿಗೆ ನಂದೊಂದು ಸಲಹೆ. ಮನೇಲಿ ಹಳೇ ರಾಸ್ಪ್‌ಬೆರಿ ಪೈ (ಅಂಗೈಯಷ್ಟು ಪುಟ್ಟ ಕಂಪ್ಯೂಟರ್) ಬಿದ್ದಿದ್ರೆ ಅದೇ ಮಿಡಿ ಹಬ್ ಆಗತ್ತೆ, ಪೈ 3 ಧಾರಾಳ ಸಾಕು. ಯುಎಸ್‌ಬಿ ಮಿಡಿ ಕೀಬೋರ್ಡ್ ಎರಡನ್ನ ನೇರವಾಗಿ ಕೇಬಲಲ್ಲಿ ಸೇರಿಸಿದ್ರೆ ಯಾಕೆ ಕೆಲಸ ಮಾಡಲ್ಲ ಅಂದ್ರೆ ಯುಎಸ್‌ಬಿಯಲ್ಲಿ ಒಬ್ಬ ಹೋಸ್ಟ್ ಇರ್ಲೇಬೇಕು, ಕೀಬೋರ್ಡುಗಳೆಲ್ಲ ಡಿವೈಸುಗಳು, ಯಾರೂ ಯಾರನ್ನೂ ಕೇಳಲ್ಲ. ಪೈ ಅಲ್ಲಿ ಹೋಸ್ಟ್ ಆಗಿ ಕೂರತ್ತೆ.

ಡೆಸ್ಕ್‌ಟಾಪ್ ಇಲ್ಲದ ಲೈಟ್ ಓಎಸ್ ಹಾಕಿ. ಎಕನೆಕ್ಟ್ ಅನ್ನೋ ಕಮಾಂಡ್ ಕೊಟ್ರೆ ಯಾವ್ಯಾವ ಪೋರ್ಟ್ ಇದೆ ಅಂತ ಲಿಸ್ಟ್ ಬರತ್ತೆ, ಇದರಿಂದ ಅದಕ್ಕೆ ಅಂತ ಸೇರಿಸಿದ್ರೆ ಆಯ್ತು, ಎಷ್ಟು ಇನ್‌ಪುಟ್‌ನ ಒಂದು ಔಟಿಗೆ ಸೇರಿಸಿದ್ರೂ ಅದೇ ಮರ್ಜ್ ಮಾಡ್ಕೊಳತ್ತೆ. ಸ್ಕ್ರಿಪ್ಟ್ ಬರೀವಾಗ ಪೋರ್ಟ್ ನಂಬರ್ ಬದಲು ಸಾಮಾನಿನ ಹೆಸರು ಹಾಕಿ, ಯಾಕಂದ್ರೆ ಚುಚ್ಚಿದ ಕ್ರಮ ಬದಲಾದ್ರೆ ನಂಬರೂ ಬದಲಾಗತ್ತೆ, ಹೆಸರು ಬದಲಾಗಲ್ಲ.

ಅಂಗಡಿಯಲ್ಲಿ ಸಿಗೋ ಯುಎಸ್‌ಬಿ ಹೋಸ್ಟ್ ಬಾಕ್ಸುಗಳು ಕ್ಲಾಸ್ ಕಂಪ್ಲಯಂಟ್, ಅಂದ್ರೆ ಬೇರೆ ಡ್ರೈವರ್ ಬೇಡದ, ಸಾಮಾನುಗಳನ್ನ ಗುರುತಿಸೋ ಹಾಗೆ ಮಾಡಿರ್ತಾರೆ, ಹಳೇ ಯಮಾಹಾ ಕೀಬೋರ್ಡ್ ಕೆಲವು ತಮ್ಮದೇ ಡ್ರೈವರ್ ಕೇಳೋ ಥರದವು, ಅಂಥವು ಆ ಬಾಕ್ಸಲ್ಲಿ ಕಾಣಿಸಿಕೊಳ್ಳಲ್ಲ. ಲಿನಕ್ಸ್ ಕರ್ನಲ್ಲಲ್ಲಿ ಯಮಾಹಾಗೆ ಅಂತ ಬೇರೆ ವ್ಯವಸ್ಥೆ ಇದೆ, ಪೈಯಲ್ಲಿ ಡ್ರೈವರ್ ಹುಡುಕೋ ಕೆಲಸ ಇಲ್ಲ.

ಸ್ಟೇಜಿಗೆ ಒಯ್ಯೋದಾದ್ರೆ ರಾಸ್ಪಿ-ಕಾನ್ಫಿಗ್ ಒಳಗೆ ಓವರ್‌ಲೇ ಫೈಲ್ ಸಿಸ್ಟಂ (ಕಾರ್ಡಿಗೆ ಬರೆಯೋದನ್ನ ತಡೆಯೋ ಸೆಟ್ಟಿಂಗ್) ಆನ್ ಮಾಡಿಡಿ. ಜನರೇಟರ್ ಆಫ್ ಆನ್ ಆಗ್ತಾ ಇರೋ ಕಡೆ ಪವರ್ ಹೋದಾಗ ಎಸ್‌ಡಿ ಕಾರ್ಡ್ ಕರಪ್ಟ್ ಆಗೋದು ಇದರಿಂದ ತಪ್ಪತ್ತೆ.

ಹುಬ್ಬಳ್ಳಿ_ಪ್ಯಾಡ್
ಜನರೇಟರ್ ಅಂದ ಕೂಡ್ಲೆ ನೆನಪಾತ್ರಿ, ಆ ಗುಂಯ್ ಅನ್ನೋ ಹಮ್ ಬಗ್ಗೆ ಯಾರರೆ ಹೇಳ್ರಿ. ಕೀಬೋರ್ಡಿಂದ ಯುಎಸ್‌ಬಿ ಲ್ಯಾಪ್‌ಟಾಪಿಗೆ ಹಾಕಿ, ಚಾರ್ಜರ್ ಹಚ್ಚಿದ್ವಿ ಅಂದ್ರ ಮಿಕ್ಸರ್‌ನಾಗ ಶಬ್ದ ಶುರು ಆಗತೈತಿ, ಚಾರ್ಜರ್ ತಗದ್ರ ನಿಲ್ಲತೈತಿ. ಐದು ಪಿನ್ ಕೇಬಲ್‌ನಾಗ ಹಿಂಗ ಆಗಂಗಿಲ್ಲ.

ಸೋಲ್ಡರ್_ಎಸ್ಪಿರೋಡ್
ಅಣ್ಣ ಅದೇ ಗ್ರೌಂಡ್ ಲೂಪ್. ಐದು ಪಿನ್ನಲ್ಲಿ ಆಪ್ಟೋ ಇರೋದ್ರಿಂದ ಗ್ರೌಂಡ್ ಬೇರೆ ಬೇರೆ ಇರತ್ತೆ. ಯುಎಸ್‌ಬಿಯಲ್ಲಿ ಗ್ರೌಂಡ್ ತಂತಿ ಸೀದಾ ಲ್ಯಾಪ್‌ಟಾಪಿಗೆ ಹೋಗತ್ತೆ, ಕೀಬೋರ್ಡಿನ ಆಡಿಯೋ ಕೇಬಲಿನ ಗ್ರೌಂಡ್ ಮಿಕ್ಸರಿಗೆ ಹೋಗತ್ತೆ, ಲ್ಯಾಪ್‌ಟಾಪ್ ಚಾರ್ಜರ್ರು ಮಿಕ್ಸರ್ರು ಎರಡೂ ಮತ್ತೆ ಮೇನ್ಸಲ್ಲಿ ಸೇರ್ಕೊಳತ್ತೆ, ಆ ಸುತ್ತಿನಲ್ಲಿ ಓಡೋ ಕರೆಂಟೇ ಹಮ್ಮು. ದಯವಿಟ್ಟು ಯಾರೂ ಇದಕ್ಕೆ ಪ್ಲಗ್ಗಿನ ಅರ್ಥ್ ಪಿನ್ ಕಟ್ ಮಾಡ್ಬೇಡಿ, ಮಳೇಲಿ ತಗಡಿನ ಸ್ಟೇಜ್ ಮೇಲೆ ಮೈಕ್ ಹಿಡಿದು ನಿಂತವರ ಜೀವದ ಪ್ರಶ್ನೆ ಅದು.

ಯುಎಸ್‌ಬಿ ಐಸೊಲೇಟರ್ ಅಂತ ಬೆಂಕಿಪೊಟ್ಟಣದಷ್ಟು ಬೋರ್ಡ್ ಸಿಗತ್ತೆ, ಎಡಿಯುಎಂ3160 ಅಥವಾ ಎಡಿಯುಎಂ4160 ಚಿಪ್ ಇರೋದು. ಸೆಕೆಂಡಿಗೆ 12 ಮೆಗಾಬಿಟ್ ತನಕ ಓಡತ್ತೆ, ಪೆನ್‌ಡ್ರೈವ್‌ಗೆ ನಿಧಾನ ಆದ್ರೆ ಮಿಡಿಗೆ ಅದು ಸಮುದ್ರ. ಕೀಬೋರ್ಡ್ ಮತ್ತು ಲ್ಯಾಪ್‌ಟಾಪ್ ಮಧ್ಯ ಹಾಕಿ. ಆದ್ರೆ ಯುಎಸ್‌ಬಿಯಲ್ಲೇ ಆಡಿಯೋನೂ ಕಳಿಸೋ ಸಾಮಾನಾದ್ರೆ, ಐ500 ಆ ಥರದ್ದೇ, ತಗೊಳ್ಳೋ ಮುಂಚೆ ನಿಮ್ಮ ಕೀಬೋರ್ಡ್ ಜೊತೆ ಹಾಕಿ ನೋಡಿ ತಗೊಳ್ಳಿ, ಹೈ ಸ್ಪೀಡ್ ಬೇಕೇಬೇಕು ಅನ್ನೋ ಸಾಮಾನು ಇದ್ರಲ್ಲಿ ಓಡಲ್ಲ. ಇನ್ನೊಂದು ದಾರಿ ಆಡಿಯೋ ಕಡೆ ಟ್ರಾನ್ಸ್‌ಫಾರ್ಮರ್ ಇರೋ ಪ್ಯಾಸಿವ್ ಡಿಐ ಬಾಕ್ಸ್ (ಕೀಬೋರ್ಡಿಗೂ ಮಿಕ್ಸರಿಗೂ ಮಧ್ಯ ಹಾಕೋ ಡಬ್ಬಿ) ಹಾಕಿ, ಆಡಿಯೋ ಗ್ರೌಂಡ್ ಬಿಡಿಸೋ ಗ್ರೌಂಡ್ ಲಿಫ್ಟ್ ಸ್ವಿಚ್ ಒತ್ತೋದು, ಎಷ್ಟೋ ಸೌಂಡ್‌ನೋರ ಹತ್ರ ಅದು ಇದ್ದೇ ಇರತ್ತೆ, ಕೇಳಿದ್ರೆ ಕೊಡ್ತಾರೆ.

ಮನೆ_ಸ್ಟುಡಿಯೋ
ಈ ಚರ್ಚೆ ಓದ್ತಾ ನನ್ನ ಪ್ರಶ್ನೆನೂ ಕೇಳ್ಬಿಡ್ತೀನಿ. ನನ್ನ ಹತ್ರ ಆರ್ಟೂರಿಯಾ ಬೀಟ್‌ಸ್ಟೆಪ್ ಪ್ರೋ ಸೀಕ್ವೆನ್ಸರ್ ಇದೆ, ಕೊರ್ಗ್ ಎನ್‌ಟಿಎಸ್-1 ಅನ್ನೋ ಪುಟ್ಟ ಸಿಂತ್ ಇದೆ. ಎರಡರಲ್ಲೂ ಮಿಡಿ ಇರೋದು ಇಯರ್‌ಫೋನ್ ಥರದ 3.5 ಎಂಎಂ ಜ್ಯಾಕಲ್ಲಿ. ಸ್ಟೀರಿಯೋ ಕೇಬಲ್ ಹಾಕಿ ಸೀದಾ ಸೇರಿಸಿದ್ರೆ ಏನೂ ಬರ್ತಿಲ್ಲ, ಯಾವುದು ಕೆಟ್ಟಿದೆ ಅಂತ ಹೇಗೆ ಗೊತ್ತು ಮಾಡ್ಕೊಳ್ಳೋದು?

ಕರಾವಳಿ_ಸಿಂತ್
ಎರಡೂ ಸರಿ ಉಂಟು ಮೇಡಂ, ಹೆದರ್ಬೇಡಿ. ಈ ಜ್ಯಾಕಿನಲ್ಲಿ ಟೈಪ್ ಎ, ಟೈಪ್ ಬಿ ಅಂತ ಎರಡು ರೀತಿ ಉಂಟು. ಟೈಪ್ ಎ ಯಲ್ಲಿ ತುದಿಗೆ 5ನೇ ಪಿನ್, ಮಧ್ಯದ ಉಂಗುರಕ್ಕೆ 4ನೇ ಪಿನ್. ಟೈಪ್ ಬಿ ಯಲ್ಲಿ ಅದು ಉಲ್ಟಾ. 2018ರಲ್ಲಿ ಮಿಡಿ ಸಂಸ್ಥೆಯವರು ಟೈಪ್ ಎ ಯನ್ನೇ ಸ್ಟ್ಯಾಂಡರ್ಡ್ ಅಂತ ಮಾಡಿದ್ರು, ಅದಕ್ಕಿಂತ ಮೊದಲು ಒಬ್ಬೊಬ್ಬರು ಒಂದೊಂದು ಥರ ಮಾಡಿಬಿಟ್ಟಿದ್ರು. ನಿಮ್ಮ ಬೀಟ್‌ಸ್ಟೆಪ್ ಪ್ರೋ ಟೈಪ್ ಬಿ, ಕೊರ್ಗ್ ಟೈಪ್ ಎ. ಆಪ್ಟೋದ ಎಲ್‌ಇಡಿಗೆ ಕರೆಂಟ್ ಉಲ್ಟಾ ಹೋಗ್ತಾ ಉಂಟು, ಹತ್ತುವುದಿಲ್ಲ ಅಷ್ಟೇ, ಹಾಳಾಗುವುದಿಲ್ಲ.

ಎರಡು ದಾರಿ ಉಂಟು. ಬೀಟ್‌ಸ್ಟೆಪ್ ಜೊತೆ ಬಂದ ಅಡಾಪ್ಟರ್ ಹಾಕಿ ಐದು ಪಿನ್ನಿಗೆ ತಂದು, ಅಲ್ಲಿಂದ ಟೈಪ್ ಎ ಅಡಾಪ್ಟರ್ ಹಾಕಿ ಕೊರ್ಗಿಗೆ ಕೊಡಿ. ಇಲ್ಲಾಂದ್ರೆ ಒಂದು ಸ್ಟೀರಿಯೋ ಕೇಬಲಿನ ಒಂದು ತುದಿ ಕಟ್ ಮಾಡಿ ಟಿಪ್, ರಿಂಗ್ ತಂತಿ ಎರಡನ್ನು ಅದಲುಬದಲು ಮಾಡಿ ಹೊಸ ಜ್ಯಾಕ್ ಸೋಲ್ಡರ್ ಮಾಡಿ, ಮೇಲೆ ಕೆಂಪು ಟೇಪ್ ಸುತ್ತಿ, ಇಲ್ಲದಿದ್ರೆ ಇನ್ನೊಂದು ದಿನ ಆಡಿಯೋಗೆ ಹಾಕಿ ಎಡ ಬಲ ತಿರುಗಿ ಹೋಗ್ತದೆ. ಅಡಾಪ್ಟರ್ ಯಾವ ಟೈಪ್ ಅಂತ ಬರೆದಿಲ್ಲಾಂದ್ರೆ ಮಲ್ಟಿಮೀಟರಿನ ಒಂದು ಕಡ್ಡಿ ಜ್ಯಾಕಿನ ತುದಿಗೆ ಇಡಿ, ಇನ್ನೊಂದು ಐದು ಪಿನ್ನಿನಲ್ಲಿ 5ನೇದಕ್ಕೆ. ಬೀಪ್ ಬಂದ್ರೆ ಎ, 4ನೇದಕ್ಕೆ ಬಂದ್ರೆ ಬಿ.

ಮನೆ_ಸ್ಟುಡಿಯೋ
ಅದಲುಬದಲು ಕೇಬಲ್ ಮಾಡಿಸ್ದೆ, ಎನ್‌ಟಿಎಸ್-1 ತಕ್ಷಣ ಹಾಡ್ತು! ಎಷ್ಟು ಖುಷಿ ಆಯ್ತು ಅಂದ್ರೆ ಹೇಳಕ್ಕಾಗಲ್ಲ, ರಿಪೇರಿಗೆ ಕೊಡೋಕೆ ಹೊರಟಿದ್ದೆ. ಬ್ಲೂಟೂತ್ ಮಿಡಿ ಹೇಗೆ, ಅದು ತಗೊಂಡ್ರೆ ಈ ತಂತಿ ತಾಪತ್ರಯ ಇರಲ್ವಾ?

ಪೈ_ಪ್ರಯೋಗ
ಮೇಡಂ ಮನೇಲಿ ಕೂತು ಐಪ್ಯಾಡ್ ಜೊತೆ ಬರೆಯೋಕೆ, ಕಲಿಯೋಕೆ ಚೆನ್ನಾಗಿದೆ. ಯಮಾಹಾ ಯುಡಿ-ಬಿಟಿ01 ಯುಎಸ್‌ಬಿ ಟು ಹೋಸ್ಟ್ ಪೋರ್ಟಿಗೆ ಹಾಕೋದು, ಎಂಡಿ-ಬಿಟಿ01 ಐದು ಪಿನ್ನಿಗೆ ಹಾಕೋದು, ಸಿಎಂಇ ವೈಡಿ ಮಾಸ್ಟರ್ ಕೂಡ ಐದು ಪಿನ್ನಿಗೆ. ಮ್ಯಾಕು ಐಪ್ಯಾಡಲ್ಲಿ ಸಲೀಸು. ಆದ್ರೆ ಸಾವಿರಾರು ಜನರ ಮೊಬೈಲ್ ಇರೋ ಮೈದಾನದಲ್ಲಿ ಪ್ಯಾಡ್ ಸಿಗ್ನಲ್‌ನ ಗಾಳಿಯಲ್ಲಿ ಬಿಡೋಕೆ ನಾನಂತೂ ಒಪ್ಪಲ್ಲ. ತಂತಿಯಲ್ಲಿ ಒಂದು ನೋಟ್ ಸುಮಾರು 1 ಮಿಲಿಸೆಕೆಂಡಲ್ಲಿ ತಲುಪತ್ತೆ, 15 ಮೀಟರ್ ತನಕ ಕೇಬಲ್ ಎಳೀಬೋದು, ಸ್ಟೇಜಿಗೆ ಇನ್ನೇನು ಬೇಕು.

ಹಾಸನ_ಕೀಸ್
ಎಲ್ರಿಗೂ ಅಪ್‌ಡೇಟ್. ಯುಎಂ-ಒನ್ ಎಂಕೆ2 ಸೆಕೆಂಡ್ ಹ್ಯಾಂಡ್ ಸಿಕ್ತು. ಎಕ್ಸ್‌ಪಿ ಬಲ್ಕ್ ಡಂಪ್ ಹೋಗಿ ವಾಪಸ್ ಬಂತು, ಒಂದೂ ಎರರ್ ಇಲ್ಲ. ಪ್ಯಾಡ್, ಯಮಾಹಾ, ಸೀಕ್ವೆನ್ಸ್ ಮೂರೂ ಎಕ್ಸ್‌ಪಿಗೆ ಹೋಗ್ತಿದೆ, ಪ್ಯಾಡ್ ಹುಡುಗ ಬಿಡ್ತಾನೇ ಇಲ್ಲ, ರಾತ್ರಿ ತನಕ ಬಾರಿಸ್ತಾನೆ. ನಿಮ್ಮೆಲ್ಲರಿಂದ ದುಡ್ಡು ಉಳೀತು.

ಎರಡು ವಿಷಯ ಉಳಿದಿದೆ. ಎಕ್ಸ್‌ಪಿಯಲ್ಲಿ ನಾನೇ ನುಡಿಸಿ ಲ್ಯಾಪ್‌ಟಾಪಲ್ಲಿ ರೆಕಾರ್ಡ್ ಮಾಡ್ಬೇಕು ಅಂತ ಎಕ್ಸ್‌ಪಿ ಔಟನ್ನ ಇಂಟರ್‌ಫೇಸಿಗೆ ಹಾಕಿದ್ರೆ ಪ್ರತಿ ಸ್ವರನೂ ಡಬಲ್ ಆಗಿ ಕೇಳತ್ತೆ, ಏನೋ ಫ್ಲಾಂಜರ್ ಹಾಕಿದ ಹಾಗೆ. ಇನ್ನೊಂದು, ಸ್ಟ್ರಿಂಗ್ಸ್ ಹಿಡ್ಕೊಂಡು ಸೀಕ್ವೆನ್ಸ್ ಓಡ್ತಾ ಪ್ಯಾಡ್ ಜೋರಾದಾಗ ಹಿಡಿದಿದ್ದ ಸ್ಟ್ರಿಂಗ್ಸ್ ಮಧ್ಯ ಮಧ್ಯ ಮಾಯ ಆಗತ್ತೆ. ಇದು ಇಂಟರ್‌ಫೇಸ್ ಬೈಟ್ ಬೀಳ್ಸೋದಾ?

ಕರಾವಳಿ_ಸಿಂತ್
ಡಬಲ್ ಆಗುವುದಕ್ಕೆ ಕಾರಣ, ಕೀಲಿ ಒತ್ತಿದಾಗ ಒಮ್ಮೆ ಒಳಗಿಂದಲೇ ನುಡೀತದೆ, ಅದೇ ನೋಟು ಲ್ಯಾಪ್‌ಟಾಪಿಗೆ ಹೋಗಿ ತಿರುಗಿ ಬಂದು ಇನ್ನೊಮ್ಮೆ ನುಡೀತದೆ. ಎಕ್ಸ್‌ಪಿಯ ಸಿಸ್ಟಂ ಮೆನುವಿನಲ್ಲಿ ಲೋಕಲ್ ಕಂಟ್ರೋಲ್ ಆಫ್ ಮಾಡಿ, ಆಗ ಕೀಲಿಗೂ ಸೌಂಡಿಗೂ ಒಳಗಿನ ಸಂಬಂಧ ತಪ್ಪಿ ಲ್ಯಾಪ್‌ಟಾಪಿಂದ ಬಂದದ್ದು ಮಾತ್ರ ನುಡೀತದೆ. ಪ್ರೋಗ್ರಾಮಿಗೆ ಹೋಗುವ ಮೊದಲು ಮರೆಯದೆ ಮತ್ತೆ ಆನ್ ಮಾಡಿ, ಇಲ್ಲಾಂದ್ರೆ ಲ್ಯಾಪ್‌ಟಾಪ್ ಇಲ್ಲದೆ ಎಕ್ಸ್‌ಪಿ ಮೂಕ.

ಸ್ಟ್ರಿಂಗ್ಸ್ ಮಾಯ ಆಗುವುದು ಇಂಟರ್‌ಫೇಸಿನ ತಪ್ಪಲ್ಲ. ಎಕ್ಸ್‌ಪಿ-60ಗೆ ಇರುವುದು 64 ವಾಯ್ಸ್, ಅಂದ್ರೆ ಒಮ್ಮೆಗೆ 64 ಟೋನ್ ಮಾತ್ರ ನುಡಿಸಬಹುದು. ಒಂದು ಪ್ಯಾಚಿನಲ್ಲಿ (ನೀವು ಆರಿಸುವ ಒಂದು ಸೌಂಡು) ನಾಲ್ಕು ಟೋನ್ ತನಕ ಇರ್ಬಹುದು, ನಾಲ್ಕೂ ಟೋನ್ ಇರುವ ದಪ್ಪ ಸ್ಟ್ರಿಂಗ್ಸ್ ಆದ್ರೆ 16 ಸ್ವರಕ್ಕೇ ಎಲ್ಲಾ ಖಾಲಿ. ಸಸ್ಟೇನ್ ಪೆಡಲ್ ಒತ್ತಿ ಹಿಡಿದ್ರೆ ಇನ್ನೂ ಬೇಗ. ಆಮೇಲೆ ಪ್ಯಾಡಿನ ಹೊಸ ನೋಟು ಬಂದಾಗ ಹಳೆಯದನ್ನು ಕಡಿದು ಅದಕ್ಕೆ ಕೊಡ್ತದೆ. ಪರ್ಫಾರ್ಮೆನ್ಸಿನಲ್ಲಿ ಪ್ರತಿ ಪಾರ್ಟಿಗೂ ವಾಯ್ಸ್ ರಿಸರ್ವ್ ಅಂತ ಇರ್ತದೆ, ಸ್ಟ್ರಿಂಗ್ಸ್ ಪಾರ್ಟಿಗೂ ರಿದಂ ಪಾರ್ಟಿಗೂ ಬೇಕಾದಷ್ಟು ಇಟ್ಟು ಉಳಿದದ್ದನ್ನು ಕಡಿಮೆ ಮಾಡಿ. ಸೀಕ್ವೆನ್ಸಿನ ಪಾರ್ಟುಗಳಿಗೆ ಒಂದೆರಡು ಟೋನ್ ಇರುವ ತೆಳು ಪ್ಯಾಚ್ ಆರಿಸಿ.

ಹುಬ್ಬಳ್ಳಿ_ಪ್ಯಾಡ್
ಆ ಹಳೇ ಮಾಡ್ಯೂಲ್ ಬರತೈತಿ ಅಂದ್ರಲ್ರಿ, ಸೀಕ್ವೆನ್ಸಿನ ಪಾರ್ಟೆಲ್ಲಾ ಅದಕ್ಕ ಹಾಕಿ ಬಿಡ್ರಿ, ಎಕ್ಸ್‌ಪಿಯ 64ನೂ ಕೈಯಾಗ ನುಡಿಸೋದಕ್ಕ ಉಳೀತಾವ. ಎಕ್ಸ್‌ಪಿ ಥ್ರೂಯಿಂದ ಒಂದ ಕೇಬಲ್ ಸಾಕು, ಚಾನೆಲ್ ಅಷ್ಟ ಹಂಚಿಕೊಡ್ರಿ, ಇತ್ಲಾಗ 1 ಮತ್ತ 10, ಅತ್ಲಾಗ ಉಳಿದವು.

ಹಾಸನ_ಕೀಸ್
ಇದು ಸೂಪರ್ ಐಡಿಯಾ ಅಣ್ಣ, ಭಾನುವಾರ ಪ್ರಾಕ್ಟೀಸಿಗೆ ಅವ್ರು ಮಾಡ್ಯೂಲ್ ತರ್ತಾರೆ, ಹಾಗೇ ಚಾನೆಲ್ ಹಂಚಿ ನೋಡ್ತೀವಿ. ಬಿಡಿ ಕೇಬಲ್ಲೂ ತಗೊಂಡಾಯ್ತು, ಪ್ಯಾಡ್ ಸ್ಟ್ಯಾಂಡಿಗೇ ಕಟ್ಟಿಟ್ಟಿದೀವಿ.